ಅದು ದೀನತೆಯಲ್ಲ

ಇಂದು ಬೆಳಿಗ್ಗೆ ಆರಾಧನೆ ಮುಗಿದ ಮೇಲೆ ಕೇಳಿದ ಒಂದು ಮಾತು ನನ್ನನ್ನು ಇನ್ನೂ ಕೆರಳಿಸುತ್ತಿದೆ. ಮುಂದಿನ ವಾರದ ಆರಾಧನೆಯಲ್ಲಿ ಸತ್ಯವೇದ (ಬೈಬಲ್) ಪಾಠ ಓದುತ್ತೀಯಾ ಎಂದು ನಮ್ಮ ಕ್ರೈಸ್ತ ಸಭೆಯ ಯುವತಿಯೊಬ್ಬಳನ್ನು ಕೇಳಿದೆ. ಅವಳು ತಲೆ ತಗ್ಗಿಸಿ, "ನನ್ನಂಥವಳು ಬೇಡ ಆಂಟಿ, ನಾನು ಮುಟ್ಟಿದ್ದೆಲ್ಲ ಹಾಳಾಗುತ್ತದೆ, ದೇವರಿಗೂ ನನ್ನಿಂದ ಉಪಯೋಗವಿಲ್ಲ" ಎಂದಳು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅವಳ ತಲೆಯ ಮೇಲೆ ಕೈಯಿಟ್ಟು, "ಈ ಕಾಲದಲ್ಲೂ ಇಂಥ ದೀನತೆ ಇದೆಯಲ್ಲ!" ಎಂದು ಮೆಚ್ಚಿಕೊಂಡರು. ಒಂದು ಮಗು ತನ್ನನ್ನು ತಾನೇ ಹಳಿದುಕೊಳ್ಳುತ್ತಿರುವಾಗ ಅದನ್ನು ಸದ್ಗುಣವೆಂದು ಹೊಗಳಲು ನಮಗೆ ಮನಸ್ಸಾದರೂ ಹೇಗೆ ಬರುತ್ತದೆ?

ಸಭೆಯಲ್ಲಿ ಹುಟ್ಟಿ ಬೆಳೆದ ನಮ್ಮಲ್ಲಿ ಅನೇಕರು, ಒಳಗಿನಿಂದ ಬರುವ ಪ್ರತಿಯೊಂದು ದೂಷಣೆಯೂ ಪವಿತ್ರಾತ್ಮನ ಧ್ವನಿಯೇ ಎಂದು ನಂಬಿಬಿಟ್ಟಿದ್ದೇವೆ. ಆದರೆ ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 12ನೆಯ ಅಧ್ಯಾಯದಲ್ಲಿ, ದೇವರ ಮುಂದೆ ಸಹೋದರರ ಮೇಲೆ ಹಗಲಿರುಳು ದೂರು ಹೇಳುವವನು ಸೈತಾನನು. ಪವಿತ್ರಾತ್ಮನು ಪಾಪವನ್ನು ಎತ್ತಿ ತೋರಿಸುವಾಗ ಇಂಥದೇ ತಪ್ಪೆಂದು ತೋರಿಸಿ, ತಿರುಗಿ ಬರುವ ದಾರಿಯನ್ನೂ ತೆರೆಯುತ್ತಾನೆ. ನೀನೇ ಹಾಳು, ನಿನ್ನಿಂದ ಏನೂ ಆಗದು ಎಂದು ಇಡೀ ಮನುಷ್ಯನನ್ನೇ ತಳ್ಳಿಹಾಕುವ ಧ್ವನಿಯಲ್ಲಿ ಅಂಥ ದಾರಿಯಿಲ್ಲ.

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಕಥೆಯ ಕಿರಿಯ ಮಗನನ್ನೇ ನೋಡಿ, ತನ್ನ ಪಾಲಿನ ಆಸ್ತಿ ಪಡೆದು ಮನೆ ಬಿಟ್ಟುಹೋಗಿ ಎಲ್ಲವನ್ನೂ ಹಾಳುಮಾಡಿ ಹಂದಿ ಮೇಯಿಸುವ ಸ್ಥಿತಿಗೆ ಬಂದವನು. ಹಂದಿಗಳ ನಡುವೆ ಕುಳಿತು ಅವನು ತನಗೆ ತಾನೇ ಒಂದು ಮಾತನ್ನು ಸಿದ್ಧಪಡಿಸಿಕೊಳ್ಳುತ್ತಾನೆ: ನಿನ್ನ ಮಗನೆನಿಸಿಕೊಳ್ಳಲು ನಾನು ಯೋಗ್ಯನಲ್ಲ, ನನ್ನನ್ನು ಕೂಲಿಯಾಳಿನಂತೆ ಇಟ್ಟುಕೋ. ಮನೆಯ ಬಳಿಗೆ ಬಂದು ಮೊದಲ ಅರ್ಧವನ್ನು ಹೇಳುತ್ತಾನೆ, ಆದರೆ ಕೂಲಿಯಾಳಿನ ಮಾತು ಅವನ ಬಾಯಿಂದ ಹೊರಡುವುದೇ ಇಲ್ಲ. ಅಷ್ಟರಲ್ಲಿ ತಂದೆ ನಿಲುವಂಗಿ, ಉಂಗುರ, ಜೋಡು ತರಿಸುತ್ತಿದ್ದಾನೆ. ತಪ್ಪನ್ನು ಒಪ್ಪಿಕೊಳ್ಳಲು ತಂದೆ ಬಿಟ್ಟನು, ಮಗನೆಂಬ ಸ್ಥಾನವನ್ನು ಬಿಟ್ಟುಕೊಡಲು ಬಿಡಲಿಲ್ಲ. ನಮ್ಮ ಹಿರಿಯರಾದರೋ ಆ ಎರಡನೆಯ ಅರ್ಧವನ್ನೂ ಹೇಳಿಸಿ ಆಮೆನ್ ಎನ್ನುತ್ತಾರೆ.

ಕರ್ತನ ಭೋಜನಕ್ಕೆ, ಅಂದರೆ ಯೇಸುವಿನ ನೆನಪಿನಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆಗೆ ಮುಂಚೆ, ಮೇಜಿನ ಕೆಳಗಿನ ತುಣುಕುಗಳನ್ನು ಆಯ್ದುಕೊಳ್ಳಲಿಕ್ಕೂ ನಾವು ಯೋಗ್ಯರಲ್ಲ ಎಂದು ನಾವೇ ಪ್ರಾರ್ಥಿಸುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಹೌದು, 1548ರಲ್ಲಿ ಇಂಗ್ಲೆಂಡಿನ ಆರಾಧನಾ ಕ್ರಮಕ್ಕೆ ಸೇರಿದ ಆ ಪ್ರಾರ್ಥನೆ ನನಗೂ ಬಾಯಿಪಾಠವಾಗಿದೆ. ಆದರೆ ಅದೇ ಪ್ರಾರ್ಥನೆ ದೇವರ ಅಪಾರ ಕರುಣೆಯನ್ನು ನಂಬಿ ಬರುತ್ತೇವೆ ಎಂದೂ ಹೇಳುತ್ತದೆ, ಹಾಗೆ ಹೇಳಿದವರು ಎದ್ದು ಹೋಗಿ ರೊಟ್ಟಿಯನ್ನು ತೆಗೆದುಕೊಳ್ಳುತ್ತಾರೆ. ಯೋಗ್ಯಳಲ್ಲ ಎಂದು ಬೆಂಚಿನಲ್ಲೇ ಉಳಿದುಬಿಡು ಎಂದು ಅದು ಯಾರಿಗೂ ಕಲಿಸುವುದಿಲ್ಲ.

ಅವ್ವ ತೀರಿಕೊಂಡ ಮೇಲಿನ ನನ್ನ ದಿನಗಳನ್ನು ನಿಮ್ಮಲ್ಲಿ ಕೆಲವರು ಕಂಡಿದ್ದೀರಿ. ಒಳ್ಳೆಯ ಮಗಳಾಗಿರಲಿಲ್ಲ ನೀನು ಎಂಬ ಮಾತು ರಾತ್ರಿಯೆಲ್ಲ ಕಿವಿಯಲ್ಲಿ ಸುತ್ತುತ್ತಿದ್ದುದನ್ನು ಮಾತ್ರ ಯಾರಿಗೂ ಹೇಳಿರಲಿಲ್ಲ. ಆಗ ನನಗೆ ಆಸರೆಯಾದದ್ದು ಸತ್ಯವೇದದ 42 ಮತ್ತು 43ನೆಯ ಕೀರ್ತನೆಗಳು. ಅಲ್ಲಿ ಕೀರ್ತನೆಗಾರನು ತನ್ನ ಮನಸ್ಸು ಹೇಳುವುದನ್ನು ಕೇಳುತ್ತಾ ಕುಳಿತಿರುವುದಿಲ್ಲ. ಏಕೆ ಕುಗ್ಗಿದ್ದೀ, ದೇವರನ್ನು ನಿರೀಕ್ಷಿಸು ಎಂದು ತಾನೇ ಅದಕ್ಕೆ ಎದುರು ಮಾತಾಡುತ್ತಾನೆ, ಅದೂ ಮೂರು ಸಲ, ಏಕೆಂದರೆ ಒಂದು ಸಲಕ್ಕೆ ಮನಸ್ಸು ಕೇಳುವುದಿಲ್ಲ. ನಮ್ಮ ಹೃದಯವೇ ನಮ್ಮನ್ನು ದೋಷಿಗಳೆಂದು ಹೇಳಿದರೂ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂಬ ಯೋಹಾನನ ಮೊದಲನೆಯ ಪತ್ರಿಕೆಯ ಮಾತನ್ನು ನಾನು ಗಟ್ಟಿಯಾಗಿ ಓದುತ್ತಿದ್ದೆ. ಆ ಧ್ವನಿ ಈಗಲೂ ಬರುತ್ತದೆ, ಆದರೆ ಕೊನೆಯ ತೀರ್ಪು ಅದರದಲ್ಲ ಎಂದು ನನಗೆ ತಿಳಿದಿದೆ.

ಹಾಗೆಂದು ವಚನ ಓದಿದರೆ ಎಲ್ಲರಿಗೂ ಸಾಕೆಂದು ನಾನು ಹೇಳುತ್ತಿಲ್ಲ. ಅನೇಕ ಭಕ್ತಿಗೀತೆಗಳನ್ನು ಬರೆದ ಇಂಗ್ಲಿಷ್ ಕವಿ ವಿಲಿಯಂ ಕೂಪರ್, 1773ರ ಮಾನಸಿಕ ಕುಸಿತದ ನಂತರ, ದೇವರು ತನ್ನನ್ನು ಕೈಬಿಟ್ಟಿದ್ದಾನೆಂಬ ನೋವಿನಿಂದ 1800ರಲ್ಲಿ ಸಾಯುವವರೆಗೂ ಬಿಡುಗಡೆ ಹೊಂದಲಿಲ್ಲ. ಅವನ ಸಭಾಪಾಲಕ ಜಾನ್ ನ್ಯೂಟನ್ ಅದನ್ನು ದೀನತೆಯೆಂದು ಹೊಗಳಲಿಲ್ಲ, ಒಂದು ವರ್ಷಕ್ಕೂ ಹೆಚ್ಚು ಕಾಲ ತನ್ನ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಂಡನು. ನನ್ನ ಪಿತೃಗಳಿಗಿಂತ ನಾನು ಉತ್ತಮನಲ್ಲ, ನನ್ನ ಪ್ರಾಣವನ್ನು ತೆಗೆ ಎಂದು ಅರಣ್ಯದಲ್ಲಿ ಮಲಗಿದ ಪ್ರವಾದಿ ಏಲೀಯನಿಗೆ ದೇವದೂತನು ಕೊಟ್ಟದ್ದು ಉಪದೇಶವನ್ನಲ್ಲ, ರೊಟ್ಟಿ ಮತ್ತು ನೀರನ್ನು. ಉಂಡು ಮಲಗಿದವನನ್ನು ಮತ್ತೆ ಎಬ್ಬಿಸಿ ಮತ್ತೆ ಉಣಿಸಿದನು. ದೇಹಕ್ಕೂ ಮನಸ್ಸಿಗೂ ಬೇಕಾದ ಆರೈಕೆ ದೇವರಿಂದಲೇ ಬರುವಾಗ, ವೈದ್ಯರ ಬಳಿಗೆ ಹೋಗುವುದನ್ನು ವಿಶ್ವಾಸದ ಕೊರತೆಯೆನ್ನುವ ಹಕ್ಕು ನಮಗೆ ಯಾರು ಕೊಟ್ಟರು?

ಯುವಜನರ ಕೂಟಕ್ಕೆ ಒಬ್ಬ ಮನೋವೈದ್ಯರನ್ನು ಕರೆಸಬೇಕೆಂದು ಮುಂದಿನ ಸಭಾ ಕಮಿಟಿಯಲ್ಲಿ ನಾನು ಕೇಳಲಿದ್ದೇನೆ. ಹಿರಿಯರೂ ಅಂದು ಕುಳಿತು ಕೇಳಬೇಕೆಂದು ನಮ್ಮ ಸಭಾಪಾಲಕರಾದ ಅಯ್ಯನವರಿಗೆ ಈಗಲೇ ಫೋನ್ ಮಾಡಿ ಹೇಳಿದ್ದೇನೆ.