ಚಾರ್ಲ್ಸ್ ಕೆನಡಿ ಕುಡಿಯುತ್ತಾರೆ ಅಂತ ಎಲ್ಲರಿಗೂ ಗೊತ್ತಿತ್ತು

ರಾಜಕಾರಣಿಯೊಬ್ಬ ಕುಡಿಯುತ್ತಾನೆ ಅಂದರೆ ನಮಗದು ಒಂದೋ ಜೋಕು, ಇಲ್ಲಾಂದ್ರೆ ಚುನಾವಣೆ ಹೊತ್ತಿನ ಬೈಗುಳ. ಅದೊಂದು ಕಾಯಿಲೆ ಅಂತ ಮಾತಾಡುವವರು ಕಡಿಮೆ. ಬ್ರಿಟನ್ನಿನಲ್ಲೂ ಹೆಚ್ಚುಕಮ್ಮಿ ಹೀಗೇ. ಚಾರ್ಲ್ಸ್ ಕೆನಡಿಯವರ ಕತೆ ನೋಡಿ. ಅಮೆರಿಕದ ಕೆನಡಿ ಮನೆತನದವರಲ್ಲ, ಇವರು ಸ್ಕಾಟ್ಲೆಂಡಿನವರು.

1983ರಲ್ಲಿ, 23ನೇ ವಯಸ್ಸಿಗೇ, ಹಾಲಿ ಮಂತ್ರಿಯೊಬ್ಬರನ್ನು ಸೋಲಿಸಿ ಪಾರ್ಲಿಮೆಂಟಿಗೆ ಬಂದರು. ಆಗ ಇಡೀ ಸದನಕ್ಕೆ ಇವರೇ ಚಿಕ್ಕವರು. 1999ರಲ್ಲಿ ಆಗ ಬ್ರಿಟನ್ನಿನ ಮೂರನೇ ದೊಡ್ಡ ಪಕ್ಷವಾಗಿದ್ದ ಲಿಬರಲ್ ಡೆಮಾಕ್ರಾಟ್ ಪಕ್ಷದ ನಾಯಕರಾದರು. ಗತ್ತಿಲ್ಲದ ಮನುಷ್ಯ, ಮಾತಲ್ಲಿ ತಮಾಷೆ. ಜನಕ್ಕೆ ಇಷ್ಟವಾಗಿದ್ದರು.

2003ರಲ್ಲಿ ಲೇಬರ್ ಪಕ್ಷದ ಪ್ರಧಾನಿ ಟೋನಿ ಬ್ಲೇರ್ ಇರಾಕ್ ಮೇಲೆ ಯುದ್ಧಕ್ಕೆ ಹೊರಟಾಗ ಮುಖ್ಯ ವಿರೋಧ ಪಕ್ಷ ಕನ್ಸರ್ವೇಟಿವ್ ಕೂಡ ಹೂಂ ಅಂದಿತ್ತು. ಬೇಡ ಅಂದ ದೊಡ್ಡ ನಾಯಕ ಕೆನಡಿ. ಫೆಬ್ರವರಿ 15ರಂದು ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಸೇರಿದ್ದ ಭಾರಿ ಜನಸಾಗರದ ಮುಂದೆ ನಿಂತು ಅದನ್ನೇ ಹೇಳಿದರು. ಕುಡಿತದ ಚಟ ಇದ್ದವನಿಗೆ ಕಂಡದ್ದು, ನೆಟ್ಟಗಿದ್ದ ನೂರಾರು ಸಂಸದರಿಗೆ ಕಾಣಲಿಲ್ಲ!

ಚಟದ ವಿಷಯ ಪಕ್ಷದ ಒಳಗಿನವರಿಗೆ ಗೊತ್ತಿಲ್ಲದ್ದೇನಲ್ಲ. 2002ರಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಕುಡಿತದ ಬಗ್ಗೆ ನೇರವಾಗಿ ಕೇಳಿಬಿಟ್ಟರು. ಗದ್ದಲವಾಗಿ, ಕೊನೆಗೆ ಕೇಳಿದವರೇ ಕ್ಷಮೆ ಕೇಳಿದರು. 2004ರ ಬಜೆಟ್ ದಿನ ನಾಯಕರೇ ಸದನಕ್ಕೆ ಬರಲಿಲ್ಲ. ಹೊಟ್ಟೆ ಸರಿಯಿಲ್ಲ ಅಂದರು. ಅದಾಗಿ ಕೆಲವೇ ದಿನಕ್ಕೆ ಪಕ್ಷದ ಸಮಾವೇಶದಲ್ಲಿ ಬೆವರು ಸುರಿಸುತ್ತಾ ಭಾಷಣ ಮಾಡಿದರು. ಆಗಲೂ ಅದೇ ಹೊಟ್ಟೆನೋವು.

ಇಷ್ಟಾದರೂ 2005ರ ಚುನಾವಣೆಯಲ್ಲಿ ಪಕ್ಷ 62 ಸೀಟು ಗೆದ್ದಿತು. ಗೆಲ್ಲುವ ಕುದುರೆಯ ಕಾಲು ಯಾರು ನೋಡುತ್ತಾರೆ, ಅಲ್ವಾ?

2006ರ ಜನವರಿ 5ರಂದು ಬಾಯಿಬಿಟ್ಟರು. ಅದೂ ಐಟಿಎನ್ ಟಿವಿಯವರು ಸುದ್ದಿ ಹಾಕುತ್ತೇವೆ ಅಂದ ಮೇಲೆ. ನನಗೆ ಕುಡಿತದ ಸಮಸ್ಯೆ ಇದೆ, ಚಿಕಿತ್ಸೆ ಪಡೆದಿದ್ದೇನೆ, ಎರಡು ತಿಂಗಳಿಂದ ಮುಟ್ಟಿಲ್ಲ ಅಂದರು. ಎರಡೇ ದಿನಕ್ಕೆ ಕುರ್ಚಿ ಹೋಯಿತು. ಇವರ ಕೈಕೆಳಗೆ ಕೆಲಸ ಮಾಡುವುದಿಲ್ಲ ಅಂತ 25 ಸಂಸದರು ಹೇಳಿದ್ದರು.

ಇಳಿಸಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಬಜೆಟ್ ದಿನ ಬಾರದ ನಾಯಕನನ್ನು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ? ಆದರೆ ಅಷ್ಟು ವರ್ಷ ಪತ್ರಕರ್ತರಿಗೆ ಸುಳ್ಳು ನೆಪ ಹೇಳಿದವರು ಯಾರು? ಅವರೂ ಜೊತೆಯವರೇ ತಾನೇ. ಒಳಗೊಳಗೆ ಬುದ್ಧಿ ಹೇಳಿದವರು ಇದ್ದರು, ನಿಜ. ಹೊರಗೆ ಮಾತ್ರ ಎಲ್ಲಾ ಚೆನ್ನಾಗಿದೆ ಅನ್ನುತ್ತಿದ್ದರು. ಸುಳ್ಳು ನಡೆದಷ್ಟು ದಿನ ಕುರ್ಚಿ ಇತ್ತು, ನಿಜ ಹೇಳಿದ್ದೇ ತಡ ಹೋಯಿತು. ಇದನ್ನು ನೋಡಿದ ಇನ್ನೊಬ್ಬ ಚಟಗಾರ ಸಂಸದ ಬಾಯಿ ಬಿಡುತ್ತಾನಾ?

2010ರಲ್ಲಿ ಪಕ್ಷ ಕನ್ಸರ್ವೇಟಿವ್‌ಗಳ ಜೊತೆ ಸರ್ಕಾರ ಮಾಡಿತು. ಕೆನಡಿ ಅದನ್ನು ಒಪ್ಪಲಿಲ್ಲ. ಅಲ್ಲೂ ಅವರದ್ದೇ ಸರಿಯಾಯಿತು. 2015ರ ಮೇನಲ್ಲಿ ಪಕ್ಷಕ್ಕೆ ಉಳಿದದ್ದು ಬರೀ 8 ಸೀಟು. 32 ವರ್ಷ ಗೆದ್ದುಕೊಂಡು ಬಂದಿದ್ದ ಕೆನಡಿಯವರೂ ಸೋತರು. ಜೂನ್ 1ರಂದು ತೀರಿಕೊಂಡರು, 55 ವರ್ಷಕ್ಕೆ. ಸಾವಿಗೆ ಕುಡಿತದ ಕಾಯಿಲೆಯೇ ಕಾರಣ ಅಂತ ಕೆಲವೇ ದಿನಗಳಲ್ಲಿ ಮನೆಯವರು ಬಹಿರಂಗವಾಗಿ ಹೇಳಿದರು. ಪಕ್ಷಕ್ಕೆ ವರ್ಷಗಟ್ಟಲೆ ಆಗದ್ದು ಅವರಿಗೆ ಒಂದು ವಾರದೊಳಗೆ ಆಯಿತು.