ಪಾಸ್ ಜೇಬಿನಲ್ಲಿ, ಟಿಕೆಟ್ ಕೈಯಲ್ಲಿ

ಮೊನ್ನೆ ಮಳೆಯಲ್ಲಿ ಬಸ್ ಹತ್ತುವಾಗ ನನ್ನ ಊರುಗೋಲಿನ ಬುಡದ ರಬ್ಬರ್ ಬುಷ್ ಕಳಚಿ ಕೆಸರಿಗೆ ಬಿತ್ತು. ಸಣ್ಣ ಸಾಮಾನು. ಆದರೆ ಅದಿಲ್ಲದೆ ಒದ್ದೆ ತಗಡಿನ ಮೆಟ್ಟಿಲ ಮೇಲೆ ಕೋಲು ಊರಿದರೆ ಸರ್ರನೆ ಜಾರುತ್ತದೆ. "ಬೇಗ ಹತ್ತಿ ಮಾರಾಯ್ರೆ, ಹಿಂದೆ ಇನ್ನೊಂದು ಬಸ್ ಬರ್ತಾ ಉಂಟು" ಅಂತ ಕಂಡಕ್ಟರ್ ಅವಸರ ಮಾಡಿದ. ಹಿಂದಿದ್ದ ಹೆಂಗಸೊಬ್ಬರು ಬುಷ್ ಹೆಕ್ಕಿ, ಸೆರಗಿನಲ್ಲಿ ಒರೆಸಿ ಕೊಟ್ಟರು. ಒಳಗೆ ಕೂತು ನಲವತ್ತು ರೂಪಾಯಿ ಕೊಟ್ಟು ಟಿಕೆಟ್ ತಗೊಂಡೆ. ಪಾಸ್ ಜೇಬಿನಲ್ಲೇ ಇತ್ತು.

ತೋರಿಸಿ ಏನು ಮಾಡಲಿ? ಅದು ಅಂಗವಿಕಲರಿಗೆ ಕೊಡುವ ಸರ್ಕಾರಿ ಬಸ್ಸಿನ ಪಾಸ್. ನಮ್ಮೂರು ತೀರ್ಥಹಳ್ಳಿಯಿಂದ ಸುಮಾರು ಒಳಗೆ. ಬೆಳಿಗ್ಗೆ ಒಂದು ಬಸ್, ಸಂಜೆ ಒಂದು. ಎರಡೂ ಪ್ರೈವೇಟ್.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಶೇ. 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇದ್ದು, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್ ಇದ್ದರೆ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ಕೆಎಸ್ಆರ್‌ಟಿಸಿ ಪಾಸ್ ಮಾಡಿಸಬಹುದು. ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿ.ಮೀ. ಒಳಗೆ ಓಡಾಟ. ಕಣ್ಣು ಕಾಣದವರಿಗೆ ಪಾಸ್ ಉಚಿತ. ಇದು ಒಳ್ಳೆಯ ವ್ಯವಸ್ಥೆಯೇ, ಇಲ್ಲ ಅನ್ನುವುದಿಲ್ಲ. 660 ರೂಪಾಯಿ ಜಾಸ್ತಿ ಅಂತಲೂ ನನ್ನ ತಕರಾರಿಲ್ಲ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದ್ದಿದ್ದರೆ ಒಂದೇ ತಿಂಗಳಲ್ಲಿ ದುಡ್ಡು ಹುಟ್ಟುತ್ತಿತ್ತು. ನನಗೆ ಪಾಸ್ ಮಾಡಿಸಲು ಶಿವಮೊಗ್ಗಕ್ಕೆ ಹೋಗಬೇಕಾದರೂ ಮೊದಲು ಪ್ರೈವೇಟ್ ಬಸ್ಸಿಗೆ ದುಡ್ಡು ಕೊಡಬೇಕು. ಅದೂ ಪಾಸ್ ಹೊಸದು ಮಾಡಿಸುವ ಜನವರಿ-ಫೆಬ್ರವರಿಯಲ್ಲಿ, ಮನೆಯಲ್ಲಿ ಅಡಿಕೆ ಕೆಲಸ ಮುಗಿಯದ ಹೊತ್ತಿಗೆ.

ಈ 100 ಕಿ.ಮೀ. ಲೆಕ್ಕವೂ ತಮಾಷೆಯದ್ದು. ದೊಡ್ಡ ಕಾಯಿಲೆ ಅಂದರೆ ಮಲೆನಾಡಿನವರು ಓಡುವುದು ಮಣಿಪಾಲಕ್ಕೆ. ಶಿವಮೊಗ್ಗ ಪೇಟೆಯವರು ಹೊರಟರೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವು ಇಳಿಯುವ ಹೊತ್ತಿಗೆ ಪಾಸಿನ ಗಡಿ ಮುಗಿದಿರುತ್ತದೆ. ಆಸ್ಪತ್ರೆ ಇನ್ನೂ ಮುಂದೆ. ನನ್ನ ಹೆಂಡತಿಗೆ ಆ ತಾಪತ್ರಯವಿಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಆಧಾರ್ ತೋರಿಸಿ ಬೀದರ್‌ವರೆಗೂ ಹೋಗಿಬರಬಹುದು. ಹೊಟ್ಟೆಕಿಚ್ಚಲ್ಲ ಮಾರಾಯ್ರೆ, ಹೆಂಗಸರು ಓಡಾಡಲಿ. ಆದರೆ ಎರಡೂ ಕಾಲು ಗಟ್ಟಿ ಇರುವವಳಿಗೆ ಇಡೀ ರಾಜ್ಯ, ಪೋಲಿಯೋ ಕಾಲಿನವನಿಗೆ ನೂರು ಕಿಲೋಮೀಟರ್ ಅಂದರೆ ನಗು ಬರುತ್ತದೆ ಅಲ್ವಾ?

ಹಾಗಂತ ಪ್ರೈವೇಟ್ ಬಸ್ಸಿನವರ ಮೇಲೆ ಹರಿಹಾಯಲು ನನಗೆ ಮನಸ್ಸಿಲ್ಲ. ಸರ್ಕಾರಿ ಬಸ್ ಬಾರದ ರಸ್ತೆಗೆ ಬಂದವರು ಅವರೇ. 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋಯಿತು. ಡೀಸೆಲ್ಲು, ತೆರಿಗೆ, ಗುಂಡಿ ರಸ್ತೆಯಲ್ಲಿ ಮುರಿಯುವ ಸ್ಪ್ರಿಂಗ್ ಪ್ಲೇಟು, ಎಲ್ಲಾ ಲೆಕ್ಕ ಹಾಕಿದರೆ 'ನೀವೇ ಪುಕ್ಕಟೆ ಕರ್ಕೊಂಡು ಹೋಗಿ' ಅನ್ನುವುದು ನ್ಯಾಯವಲ್ಲ. ಶಕ್ತಿಯಲ್ಲಿ ಏನು ಮಾಡುತ್ತಾರೆ? ಕಂಡಕ್ಟರ್ ಶೂನ್ಯ ಟಿಕೆಟ್ ಹರಿಯುತ್ತಾನೆ, ಸರ್ಕಾರ ನಿಗಮಕ್ಕೆ ದುಡ್ಡು ತುಂಬಿಕೊಡುತ್ತದೆ. ಸರ್ಕಾರಿ ಬಸ್ ಇಲ್ಲದ ರೂಟಿನಲ್ಲಿ ನಮ್ಮ ಪಾಸಿಗೂ ಹಾಗೇ ಮಾಡಲಿ, ದುಡ್ಡು ಪ್ರೈವೇಟಿನವರಿಗೆ ಹೋಗಲಿ. ಒಂದು ಬಸ್ಸಿಗೆ ನಮ್ಮಂಥವರು ಎಷ್ಟು ಜನ ಹತ್ತುತ್ತೇವೆ? ನನ್ನ ಬಸ್ಸಿನಲ್ಲಿ ನಾನೊಬ್ಬ, ಆಗೊಮ್ಮೆ ಈಗೊಮ್ಮೆ ಕಿವಿ ಕೇಳದ ಒಬ್ಬ ಹುಡುಗ.

ಇನ್ನು ಆ ಮೆಟ್ಟಿಲು. ಅಂಗವಿಕಲ ಅನ್ನುತ್ತಿದ್ದವರು ವಿಕಲಚೇತನ ಅಂದರು, ಈಗ ವಿಶೇಷಚೇತನ ಅನ್ನುತ್ತಾರೆ. ಬಸ್ಸಿನ ಮೊದಲ ಮೆಟ್ಟಿಲು ಮಾತ್ರ ಇವತ್ತಿಗೂ ನನ್ನ ಮೊಣಕಾಲಿನ ಮಟ್ಟಕ್ಕೇ ಇದೆ. ಡ್ರೈವರ್ ಮೋರಿ ಕಟ್ಟೆಯ ಪಕ್ಕಕ್ಕೆ ತಂದು ನಿಲ್ಲಿಸಿದರೆ ಕಟ್ಟೆಯಿಂದ ನೇರ ಕಾಲಿಡಬಹುದು. ಹಳೇ ಡ್ರೈವರ್ ಒಬ್ಬರು ದಿನಾ ಹಾಗೇ ನಿಲ್ಲಿಸುತ್ತಿದ್ದರು, ನಾನು ಕೂತ ಮೇಲೇ ಗೇರ್ ಹಾಕುತ್ತಿದ್ದರು. ಅದಕ್ಕೆ ಯಾವ ಪಾಸೂ ಬೇಕಿರಲಿಲ್ಲ. ಅವರು ರಿಟೈರ್ ಆದರು.

ಸದ್ಯಕ್ಕೆ ಬುಷ್ಷಿಗೆ ಸೈಕಲ್ ಟ್ಯೂಬ್ ಸುತ್ತಿ ಕಟ್ಟಿದ್ದೇನೆ. ಹೊಸದು ಶಿವಮೊಗ್ಗದಲ್ಲೇ ಸಿಗಬೇಕು. "ನಾನೇ ತರ್ತೀನಿ ಬಿಡಿ, ತೀರ್ಥಹಳ್ಳಿ ತನಕ ಚಾರ್ಜ್ ಕೊಡಿ ಸಾಕು, ಆಚೆಗೆ ನನಗೆ ಫ್ರೀ" ಅಂತಿದ್ದಾಳೆ ಹೆಂಡತಿ.