ಸುತ್ತೋಲೆಯನ್ನು ಎಲ್ಲರ ಕಣ್ಣೆದುರೇ ಬಚ್ಚಿಡುವ ವಿಧಾನ

ಸರ್ಕಾರಿ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಕಾಲ ಮುಗಿಯಿತು. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಮು, ಯಾರಾದರೂ ಕೇಳುವ ಮುನ್ನವೇ ಪ್ರಕಟಿಸಿ ಎನ್ನುತ್ತದೆ. ಜನರಿಗೆ ಸುಲಭವಾಗಿ ಸಿಗುವಂತಿರಲಿ ಎಂಬ ಮಾತೂ ಅದರಲ್ಲಿದೆ. ಆದರೆ ಯಾವ ಫಾಂಟಿನಲ್ಲಿ ಎಂದು ಕಾಯ್ದೆ ಹೇಳಿಲ್ಲ. ಕಚೇರಿಗೆ ಅಷ್ಟು ಸಂದು ಸಾಕು.

ಮೊದಲು ಟೈಪಿಂಗ್. ವರ್ಡ್ ತೆರೆದು, ಫಾಂಟ್ ಪಟ್ಟಿಯಲ್ಲಿ 'ನುಡಿ 01 ಇ' ಆರಿಸಿ, 'ಕರ್ನಾಟಕ ಸರ್ಕಾರ' ಎಂದು ಒತ್ತಿ. ದುಂಡು ದುಂಡಾದ ಕನ್ನಡ ಮೂಡುತ್ತದೆ. ಈಗ ಅದನ್ನೇ ಸೆಲೆಕ್ಟ್ ಮಾಡಿ ಫಾಂಟನ್ನು ಏರಿಯಲ್‌ಗೆ ಬದಲಿಸಿ ನೋಡಿ. 'ಕರ್ನಾಟಕ' ಇದ್ದ ಜಾಗದಲ್ಲಿ ದೊಡ್ಡ ಪಿ, ನೆತ್ತಿಯ ಮೇಲೆ ಗೀಟು ಹೊತ್ತ ಎ, ಬ್ರಿಟಿಷರ ಪೌಂಡ್ ಚಿಹ್ನೆ, ಗೀಟು ಆಚೆ ಬದಿಗೆ ವಾಲಿದ ಇನ್ನೊಂದು ಎ, ಐಸ್‌ಲ್ಯಾಂಡ್ ಭಾಷೆಯ ಒಂದು ಅಕ್ಷರ, ಸಣ್ಣ ಎಲ್, ಮತ್ತೆ ಪಿ, ಮತ್ತೆ ಗೀಟಿನ ಎ. ಪೌಂಡ್ ಅಂದರೆ 'ನ'ದ ಒಡಲು, ಐಸ್‌ಲ್ಯಾಂಡಿನದ್ದು ಅರ್ಕಾವತ್ತು, ಗೀಟಿನ ಎ ತಲೆಕಟ್ಟು. 'ಸರ್ಕಾರ'ದ ಮೊದಲಕ್ಷರವಂತೂ ಫ್ರೆಂಚರು ಸಿ ಅಕ್ಷರದ ಕೆಳಗೆ ನೇತುಹಾಕುವ ಬಾಲ. ರಾಜ್ಯದ ಹೆಸರಿಗೆ ಇಷ್ಟೊಂದು ವಿದೇಶಿ ಹೂಡಿಕೆ ಯಾವ ಹೂಡಿಕೆದಾರರ ಸಮಾವೇಶದಲ್ಲೂ ಹರಿದುಬಂದಿರಲಿಕ್ಕಿಲ್ಲ.

ಇದು ಯಾರ ಕಿಡಿಗೇಡಿತನವೂ ಅಲ್ಲ. ಆಗಿನ ಫಾಂಟಿನಲ್ಲಿ ಇದ್ದದ್ದೇ 256 ಮನೆ. ಕನ್ನಡದ ಕಾಗುಣಿತ, ಒತ್ತಕ್ಷರಗಳನ್ನು ತುಂಡು ತುಂಡು ಮಾಡಿ ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಕೂರಿಸಿದರು. ಒಂದೊಂದು ಕಂಪನಿಯದು ಒಂದೊಂದು ಲೆಕ್ಕಾಚಾರವಾಗಿದ್ದ ಕಾಲದಲ್ಲಿ ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಬಂದು ಒಂದು ಶಿಸ್ತು ತಂದದ್ದು ದೊಡ್ಡ ಉಪಕಾರವೇ. ಆದರೆ ಜಗತ್ತಿನ ಲಿಪಿಗಳ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಮನೆ ಕಟ್ಟಿಕೊಟ್ಟಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಪುಕ್ಕಟೆಯಾಗಿ ಬಂತು. ನುಡಿಯಲ್ಲೇ ಯೂನಿಕೋಡ್ ಆಯ್ಕೆ ಇದೆ. ಕೆ.ಪಿ. ರಾವ್ ಅವರ ಅದೇ ಕೀಲಿಮಣೆ ವಿನ್ಯಾಸ; ಬೆರಳು ಹೊಸದೇನೂ ಕಲಿಯಬೇಕಿಲ್ಲ. ಬದಲಾಯಿಸಬೇಕಾದದ್ದು ಒಂದು ಕ್ಲಿಕ್. ಅದಕ್ಕೆ ಮೇಲಿನಿಂದ ಆದೇಶ ಬರಬೇಕು. ಬಂದಿರಲೂಬಹುದು, ಆದೇಶವೇ ನುಡಿ 01 ಇ-ಯಲ್ಲಿದ್ದರೆ ಯಾವ ಹುಡುಕಾಟಕ್ಕೂ ಸಿಕ್ಕಿರುವುದಿಲ್ಲ.

ಟೈಪಾಯಿತು. ಇದನ್ನು ವರ್ಡ್‌ನಿಂದ ನೇರವಾಗಿ ಪಿಡಿಎಫ್ ಮಾಡಿದರೂ ಬಚ್ಚಿಡುವ ಕೆಲಸ ಮುಕ್ಕಾಲು ಪಾಲು ಆದಂತೆ. ಫಾಂಟ್ ಕಡತದೊಳಗೇ ಕುಳಿತಿರುವುದರಿಂದ ಕಣ್ಣಿಗೆ ಕನ್ನಡ ಕಾಣುತ್ತದೆ, ಕಾಪಿ ಮಾಡಿದರೆ ಪೌಂಡ್ ಬರುತ್ತದೆ. ಆದರೆ ನುಡಿಯನ್ನು ಯೂನಿಕೋಡಿಗೆ ತಿರುಗಿಸುವ ಕನ್ವರ್ಟರ್ ಗೊತ್ತಿರುವ ಕುತೂಹಲಿಗಳು ಊರಿಗೊಬ್ಬರಾದರೂ ಇರುತ್ತಾರಲ್ಲ, ಅವರಿಗೂ ಏನಾದರೂ ಏರ್ಪಾಡು ಬೇಕು. ಆದ್ದರಿಂದ ಪ್ರಿಂಟ್ ತೆಗೆಯಿರಿ. ಸಹಿ ಮಾಡಿಸಿ. ದಿನಾಂಕದ ಮೇಲೆ ಸರಿಯಾಗಿ ಕೂರುವಂತೆ ಮೊಹರು ಒತ್ತಿ. ಕಾಗದವನ್ನು ತುಸು ವಾರೆಯಾಗಿಟ್ಟು, ಇಂಚಿಗೆ 300 ಚುಕ್ಕಿಯಂತೆ, ಕಲರ್‌ನಲ್ಲಿ ಸ್ಕ್ಯಾನ್ ಮಾಡಿ. ಎ4 ಹಾಳೆಗೆ 2480 ಅಡ್ಡ, 3508 ಉದ್ದ, ಅಂದರೆ ಸುಮಾರು 87 ಲಕ್ಷ ಚುಕ್ಕಿ. ಕುಗ್ಗಿಸದಿದ್ದರೆ 26 ಎಂಬಿ. ಅದೇ ಪುಟದ ಒಂದೂವರೆ ಸಾವಿರ ಅಕ್ಷರ ಯೂನಿಕೋಡಿನಲ್ಲಿ, ಅಕ್ಷರಕ್ಕೆ 3 ಬೈಟ್ ಲೆಕ್ಕದಲ್ಲಿ, ನಾಲ್ಕೂವರೆ ಕೆಬಿಯಲ್ಲಿ ಮುಗಿಯುತ್ತಿತ್ತು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಡಿಜಿಟಲ್ ಸಹಿಯನ್ನು ಒಪ್ಪುತ್ತದೆ, ಪ್ರಿಂಟೇ ಬೇಕಿಲ್ಲ ಎಂದು ಯಾರಾದರೂ ಗೊಣಗಿದರೆ, ಮೊಹರು ಯಾವುದರ ಮೇಲೆ ಒತ್ತುವುದು ಎಂದು ಕೇಳಿ.

ಕಡತಕ್ಕೆ 'ಸ್ಕ್ಯಾನ್0001' ಎಂಬ ಹೆಸರೇ ಇರಲಿ. ಮುಂದಿನ ಸುತ್ತೋಲೆಗೂ ಅದೇ ಹೆಸರಿಟ್ಟರೆ ಹಳೆಯದು ತಾನಾಗಿ ಅಳಿಸಿಹೋಗುತ್ತದೆ, ದಾಖಲೆ ವಿಲೇವಾರಿಗೆ ಬೇರೆ ಸಮಿತಿ ಬೇಕಿಲ್ಲ. ಪಕ್ಕದಲ್ಲಿ 'ಹೊಸದು' ಎಂದು ಮಿನುಗುವ ಚಿತ್ರ ಹಾಕಿ, ಮುಂದಿನ ಚುನಾವಣೆಯವರೆಗೆ ತೆಗೆಯಬೇಡಿ. ಇದೇ ತಾಣದ ಅರ್ಜಿ ನಮೂನೆಯಲ್ಲಿ ನಾಗರಿಕರ ಭಾವಚಿತ್ರ 50 ಕೆಬಿ ಮೀರಬಾರದು, ನೆನಪಿರಲಿ. ಸರ್ವರ್‌ಗೆ ಭಾರವಾಗುತ್ತದೆ.

ಈಗ ಸರ್ಚ್ ಎಂಜಿನ್ ಬರಲಿ, ಅದಕ್ಕೆ ಕಾಣುವುದು ಒಂದು ಫೋಟೋ. ಕಣ್ಣು ಕಾಣದವರು ಪರದೆಯನ್ನು ಓದಿ ಹೇಳುವ ಎನ್‌ವಿಡಿಎ ಅಥವಾ ಟಾಕ್‌ಬ್ಯಾಕ್ ಹಚ್ಚಿ ಕೇಳಲು ಕೂತರೆ ಸ್ಕ್ಯಾನ್ ಪ್ರತಿ ಮಾತೇ ಆಡುವುದಿಲ್ಲ. ನುಡಿ ಪ್ರತಿಯಾದರೆ ಪಿ, ಎ, ಪೌಂಡ್ ಎಂದು ಲಂಡನ್ನಿನ ಚಿಲ್ಲರೆ ಎಣಿಸುತ್ತದೆ. ಅಂಗವಿಕಲರ ಪಿಂಚಣಿಯ ಸುತ್ತೋಲೆಯೂ ಹೀಗೆಯೇ ಏರುತ್ತದೆ. ಸರ್ಕಾರಿ ತಾಣಗಳು ಎಲ್ಲರಿಗೂ ಎಟುಕುವಂತಿರಲಿ ಎಂಬ ಕೇಂದ್ರದ ಮಾರ್ಗಸೂಚಿ ಬಂದದ್ದು 2009ರಲ್ಲಿ.

ಸ್ವಂತ ಜಾಲತಾಣ ನಡೆಸುವ ಪುಣ್ಯಾತ್ಮರು ಕೆಲವರು ಇಂಥದ್ದನ್ನು ಎತ್ತಿ ಓದುವಂತೆ ಮಾಡಿ ಹಾಕಲು ಹೊರಡುತ್ತಾರೆ. ಅವರಿಗೂ ಬೇಕಾದಷ್ಟು ಕೆಲಸವಿದೆ. ನುಡಿಯಲ್ಲಿ ಅರ್ಕಾವತ್ತು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಕೂರುತ್ತದೆ, ಯೂನಿಕೋಡಿನಲ್ಲಿ ಉಚ್ಚಾರದಂತೆ ರ-ಹಲಂತವಾಗಿ ಮೊದಲು ಬರಬೇಕು. ಕನ್ವರ್ಟರ್ ಅದನ್ನು ಎತ್ತಿ ಹಿಂದಕ್ಕೆ ಇಡದಿದ್ದರೆ 'ಕನಾರ್ಟಕ ಸಕಾರ್ರ' ಹುಟ್ಟುತ್ತದೆ. ನಡುವೆ ಇಂಗ್ಲಿಷಿನಲ್ಲಿದ್ದ ಇಮೇಲ್ ವಿಳಾಸವೂ ಕನ್ನಡದ ಚೂರುಗಳಾಗುತ್ತದೆ. ಫಾಂಟ್ ನೋಡಿ ಇಂಗ್ಲಿಷ್ ಭಾಗವನ್ನು ಮೊದಲೇ ಬೇರೆ ಎತ್ತಿಡಬೇಕು. ಇಷ್ಟಾಗಿ ಪುಟದಲ್ಲಿ ಬರೀ ಚೌಕಗಳು ಕಂಡರೆ ಗಾಬರಿ ಬೇಡ: ಪಠ್ಯ ಇದೆ, ಫಾಂಟ್ ಇಲ್ಲ, ನೋಟೋ ಸಾನ್ಸ್ ಕನ್ನಡ ಜೋಡಿಸಿ. ಗೀಟು ಹೊತ್ತ ಸಣ್ಣ ಎ, ಅದರ ಬೆನ್ನಿಗೆ ಮೇಲೆ ತೇಲುವ 2 ಅಥವಾ 3 ಸಾಲುಗಟ್ಟಿದರೆ ಬ್ರೌಸರ್ ಯೂನಿಕೋಡನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಕ್ರಮವನ್ನು ಬೇರೇನೋ ಎಂದು ಓದುತ್ತಿದೆ. ಪುಟದ ತಲೆಯಲ್ಲಿ ಎನ್‌ಕೋಡಿಂಗ್ ಘೋಷಿಸಿದರೆ ಸರಿಹೋಗುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳಾದರೆ, ಪಶ್ಚಿಮ ಯುರೋಪಿನ ಅಕ್ಷರಗಳನ್ನಷ್ಟೇ ಹಿಡಿಯುವ ಲ್ಯಾಟಿನ್-1 ಎಂದು ಗುರುತಿಸಿದ್ದ ಡೇಟಾಬೇಸ್ ಕಾಲಂ ಕನ್ನಡವನ್ನು ನುಂಗಿ ಆಗಿದೆ. ಬ್ಯಾಕಪ್ ಇಲ್ಲದಿದ್ದರೆ ಮತ್ತೆ ಟೈಪೇ ಗತಿ.

ಇಲಾಖೆಯಲ್ಲೂ ಒಂದು ದಿನ ಯಾರೋ ಹುರುಪಿನ ಅಧಿಕಾರಿ ಬಂದು ಹಳೆಯ ಸುತ್ತೋಲೆಗಳೆಲ್ಲ ಹುಡುಕಲು ಸಿಗಬೇಕು ಎನ್ನುತ್ತಾರೆ. ಕಂಪ್ಯೂಟರಿನಲ್ಲೇ ಟೈಪಾದ ಅಕ್ಷರವನ್ನು ಕಾಗದದ ಫೋಟೋದಿಂದ ಹೆಕ್ಕಿ ತೆಗೆಯಲು ಒಸಿಆರ್ ಟೆಂಡರ್ ಕರೆಯಲಾಗುತ್ತದೆ. ಟೆಸರಾಕ್ಟ್ ಎಂಬ ಒಸಿಆರ್ ತಂತ್ರಾಂಶ ಕನ್ನಡವನ್ನು ಪುಕ್ಕಟೆಯಾಗಿ ಓದುತ್ತದೆ, ಆದರೆ ಪುಕ್ಕಟೆಯದಕ್ಕೆ ಟೆಂಡರ್ ಕರೆಯಲು ಬರುವುದಿಲ್ಲ. ವಾರೆ ಹಾಳೆ ನೇರವಾಗುತ್ತದೆ, ೧ ಎಂಬುದು 'ಗ' ಆಗುತ್ತದೆ, ಸೊನ್ನೆ ಅನುಸ್ವಾರವಾಗುತ್ತದೆ, ಮೊಹರಿನಡಿಯ ದಿನಾಂಕ ಹೋದದ್ದು ಹೋಯಿತು. ಗುತ್ತಿಗೆದಾರರು ಅಂತೂ ಎಲ್ಲವನ್ನೂ ಯೂನಿಕೋಡಿನಲ್ಲಿ ಸಿಡಿಗೆ ಹಾಕಿ ಒಪ್ಪಿಸುತ್ತಾರೆ. ಶಾಖೆಯ ಗುಮಾಸ್ತರು ತೆರೆದು ನೋಡಿ, ಅಕ್ಷರ ಯಾಕೋ ನಮ್ಮ ಫಾಂಟಿನಂತಿಲ್ಲವಲ್ಲ ಸಾರ್ ಎಂದು, ಅಷ್ಟನ್ನೂ ನುಡಿ 01 ಇ-ಗೆ ಬದಲಿಸಿ, ಪ್ರಿಂಟ್ ಒತ್ತುತ್ತಾರೆ.